‘ನೋಡಿದೆ’ ಅನ್ನುವ ಮೊದಲು ನೋಡುವಾಕೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹೇಳಲಿಲ್ಲ ಅನ್ನಬೇಡಿ. ಹೋದ ಗುರುವಾರ ಬೆಳಿಗ್ಗೆ, ದೊಡ್ಡಾಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಒಬ್ಬ ನರ್ಸ್‌ಗೆ ಆಕೆಯಿಂದ ಕಿತ್ತುಕೊಂಡಿದ್ದ ಬೀಗದ ಕೈ ವಾಪಸ್ ಸಿಕ್ಕಿತು. ಕೊಡಿಸಿದ್ದು ಯಾರು? ನಾನು. ಹೌದು, ನೀವು ಪ್ರತಿ ಭಾನುವಾರ ಚಹಾ ಲೋಟದ ಕೆಳಗೆ ಹಾಸುವ ಈ ಪುಟದಲ್ಲಿ ಬರೆಯುವ ಇದೇ ಬಡಪಾಯಿ. ಆ ಹೊತ್ತಿಗೆ ನಾನು ಅಲ್ಲಿ ಇಲ್ಲದೇ ಹೋಗಿದ್ದರೆ ಆ ಬೀಗದ ಕೈ ಇವತ್ತಿಗೂ ಮೇಟ್ರನ್ ಸೊಂಟದಲ್ಲೇ ತೂಗಾಡುತ್ತಿತ್ತು. ಜಂಬ ಅನ್ನಿಸಿದರೆ ಅನ್ನಿಸಲಿ. ಕೊನೆಗೆ ನೀವೇ ಒಪ್ಪುತ್ತೀರಿ.

ಇನ್ನೊಂದು ಬಾಕಿ ಇದೆ, ಅದನ್ನೂ ಕೇಳಿಬಿಡಿ. ಎಲ್ಲರೂ ‘ಸಾಕ್ಷಿಯಕ್ಕ’ ಎಂದು ಕರೆಯುವ ಆ ನಿವೃತ್ತ ನರ್ಸ್ ಅನ್ನು ಮಾತನಾಡಿಸಲು ನಮ್ಮ ಪತ್ರಿಕೆಯ ಇಬ್ಬರು ಹಿರಿಯರು ಹೋಗಿ, ಬಾಗಿಲಿನಿಂದಲೇ ಹಿಂದಿರುಗಿದ್ದರು. ಮೂರನೆಯವನು ನಾನು. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಅವರ ಕೋಣೆಯ ಬಾಗಿಲಿಗೆ ಒಂದು ಕೈ ಒರಗಿಸಿ, ಕತ್ತು ಓರೆ ಮಾಡಿ, ಹೀರೋ ಮೊದಲ ಸಲ ತೆರೆಗೆ ಬರುವ ಠೀವಿಯಲ್ಲಿ ಹೇಳಿದೆ: “ಅಕ್ಕಾ, ಬಾಗಿಲು ಮುಚ್ಚಿದ್ರೆ ಕಿಟಕಿಯಿಂದ ಬರ್ತೀನಿ. ಕಿಟಕಿ ಮುಚ್ಚಿದ್ರೆ ನಿಮ್ಮ ಕಥೆಯೊಳಗಿಂದಾನೇ ಎದ್ದು ಬರ್ತೀನಿ!”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೆಲಮಾಳಿಗೆಗೆ ಕಿಟಕಿ ಎಲ್ಲಿಂದ ತರ್ತೀಯಪ್ಪ,” ಅಂದರು. ಆಮೇಲೆ, “ಬಾಗಿಲ ಮೇಲೆ ಬೋರ್ಡ್ ಹಾಕಿದೀವಲ್ಲ, ಓದಿದ್ಯಾ?”

“ಓದಿದೆ ಅಕ್ಕಾ.”

“ಪೂರ್ತಿ?”

“ಅಕ್ಷರ ಅಕ್ಷರ.”

ಅವರ ಮುಖ ಅರಳಿತು. “ಗುರುವಾರ ಬೆಳಕು ಹರಿಯೋ ಹೊತ್ತಿಗೆ ಬಾ. ಫೋನ್ ತರೋದು ಮಾತ್ರ ಮರೀಬೇಡ.”

ನೋಡಿದಿರಾ? ಒಂದೇ ಡೈಲಾಗ್, ಕೋಟೆ ಬಾಗಿಲು ತೆರೆಯಿತು. ಹಿರಿಯರಿಬ್ಬರೂ ಇನ್ನೂ ಹೊಟ್ಟೆ ಉರಿದುಕೊಂಡು ಓಡಾಡುತ್ತಿದ್ದಾರೆ.

ಗುರುವಾರ. ಹೊರಗೆ ಬೀದಿ ದೀಪಗಳು ಇನ್ನೂ ಆರಿಲ್ಲ. ನೆಲಮಾಳಿಗೆಗೆ ಬೆಳಗು, ರಾತ್ರಿ ಎಂಬ ಭೇದವೇ ಇಲ್ಲ. ಒಂದು ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಗುಡುಗುತ್ತಿವೆ, ತಲೆಯ ಮೇಲೆ ಬಿಸಿನೀರಿನ ಪೈಪುಗಳು ಗೊರಕೆ ಹೊಡೆಯುತ್ತಿವೆ. ಮೊದಲು ಮುರಿದ ಮಂಚಗಳನ್ನು ತುಂಬುತ್ತಿದ್ದ ಉಗ್ರಾಣ ಇದು. ಈಗ ಒಂದಕ್ಕೊಂದು ಸಂಬಂಧವಿಲ್ಲದ ಎಂಟು ಕುರ್ಚಿಗಳು, ಒಂದು ಮೇಜು, ಗೋಡೆಗೆ ಹೊಂದಿ ಒಂದು ಸ್ಟೀಲ್ ಸಿಂಕು. ಸಾಕ್ಷಿಯಕ್ಕ ಆ ಸಿಂಕನ್ನು ಒರೆಸುತ್ತಿದ್ದಾರೆ. ಕುಳ್ಳಗೆ, ದುಂಡಗೆ, ಕತ್ತರಿಸಿದ ನರೆಗೂದಲು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಅದೇ ಸಿಂಕನ್ನು ಮೂರನೆಯ ಸಲ ಒರೆಸುವುದನ್ನು ನೋಡಿ ಕೇಳುತ್ತೇನೆ: “ಅಕ್ಕಾ, ಇದು ಸಿಂಕೋ, ಸಿಂಹಾಸನವೋ?”

“ನಮ್ಮ ಹುಡುಗೀರು ಎಲ್ಲಾನೂ ಕಳಕೊಂಡಿದ್ದು ಇಂಥ ಸಿಂಕಿನ ಮುಂದೇನೇ. ವಾಪಸ್ ಪಡಿಯೋದೂ ಇದರ ಮುಂದೇನೇ. ಸಿಂಹಾಸನ ಅಂತಾನೇ ಇಟ್ಕೋ.”

ಅವರು ‘ಹುಡುಗಿಯರು’ ಅನ್ನುವ ಗುಂಪಿನಲ್ಲಿ ಐವತ್ತು ದಾಟಿದವರಿದ್ದಾರೆ, ಮೀಸೆ ಹೊತ್ತ ಒಬ್ಬ ಪುರುಷ ನರ್ಸ್ ಕೂಡ ಇದ್ದಾನೆ. “ನಾನೂ ಹುಡುಗೀನೇ ಸಾರ್, ಇಲ್ಲಿ ಬೇರೆ ಜಾತಿ ಇಲ್ಲ,” ಎಂದು ಅವನೇ ಕೈ ಕುಲುಕುತ್ತಾನೆ. ಈ ವರ್ಷ ಒಟ್ಟು ಏಳು ಮಂದಿ. ಕೆಲವರು ಡ್ಯೂಟಿಗೆ ಹೊರಟವರು, ಕೆಲವರು ರಾತ್ರಿ ಪಾಳಿ ಮುಗಿಸಿ ಕಣ್ಣು ಉಜ್ಜುತ್ತಾ ಇಳಿದವರು. ಬಂದವರೆಲ್ಲ ಮೇಜಿನ ಮೇಲಿನ ತಗಡಿನ ಡಬ್ಬಕ್ಕೆ ಕೈ ಹಾಕಿ ಒಂದು ಮಣಿ ತೆಗೆಯುತ್ತಾರೆ. ಬಿಳಿ ಬಂದರೆ ಸೀದಾ ಮುಂದಕ್ಕೆ. ಕೆಂಪು ಬಂದರೆ ಮೂತ್ರ ಪರೀಕ್ಷೆ, ಮರುಮಾತಿಲ್ಲ.

“ಅಕ್ಕಾ, ಈ ವಾರ ಪೂರ್ತಿ ನಂಗೇ ಕೆಂಪು! ಲಾಟರಿ ತಗೊಂಡ್ರೆ ಮಾತ್ರ ಒಂದೂ ಹೊಡೆಯಲ್ಲ,” ಎಂದು ಮೀಸೆಯವನು ಗೊಣಗುತ್ತಾನೆ.

“ಅದೃಷ್ಟ ನಿನ್ನ ಮೂತ್ರಕ್ಕಿದೆ, ನಿಂಗಿಲ್ಲ. ಬಾಟ್ಲು ತಗೋ, ನಡಿ.”

ಕೊನೆಗೆ ಸಾಕ್ಷಿಯಕ್ಕನೂ ಡಬ್ಬಕ್ಕೆ ಕೈ ಹಾಕುತ್ತಾರೆ. ಅವರು ಯಾವತ್ತೂ ಮದ್ದಿನ ಚಟಕ್ಕೆ ಬಿದ್ದವರಲ್ಲ. ಆದರೂ ಹನ್ನೊಂದು ವರ್ಷದಿಂದ ದಿನಾ ಒಂದು ಮಣಿ. “ಹೋಟೆಲಿನವನು ತನ್ನ ಹೋಟ್ಲಲ್ಲಿ ಊಟ ಮಾಡ್ದೆ ಇದ್ರೆ ನೀನು ಮಾಡ್ತೀಯಾ?” ಎಂದು ನನ್ನನ್ನೇ ಕೇಳುತ್ತಾರೆ. ನಾನು ಸುಮ್ಮನಿರುವ ಜಾತಿಯೇ? ನಾನೂ ಕೈ ಹಾಕಿದೆ. ಕೆಂಪು. ಇಡೀ ಕೋಣೆ ಶಿಳ್ಳೆ ಹೊಡೆಯಿತು. ಅಕ್ಕ ನಗದೆ ಒಂದು ಬಾಟ್ಲು ಚಾಚಿ, “ಬಲಗಡೆ ಎರಡನೇ ಬಾಗಿಲು,” ಅಂದರು. ಫಲಿತಾಂಶ ಬಂದಿದೆ: ಈ ಲೇಖಕ ನೀರು ಕುಡಿಯುವುದು ಕಡಿಮೆ.

ವಿಷಯಕ್ಕೆ ಬರೋಣ. ನೋವು ಕಳೆಯುವ ಬಲವಾದ ಇಂಜೆಕ್ಷನ್‌ಗಳು ಬೀಗ ಹಾಕಿದ ಬೀರುವಿನಲ್ಲಿರುತ್ತವೆ. ಅದರ ಬೀಗದ ಕೈ ಪಾಳಿಯ ನರ್ಸ್ ಸೊಂಟದಲ್ಲಿರುತ್ತದೆ. ಮದ್ದು ಬರುವುದು ಗಾಜಿನ ಪುಟ್ಟ ಬುಡ್ಡಿಯಲ್ಲಿ. ವೈದ್ಯರು ಅರ್ಧ ಕೊಡಿ ಅಂದಿದ್ದರೆ, ಒಡೆದ ಬುಡ್ಡಿಯ ಇನ್ನರ್ಧವನ್ನು ಎತ್ತಿಡುವಂತಿಲ್ಲ. ಇನ್ನೊಬ್ಬ ನರ್ಸ್ ಕಣ್ಣೆದುರೇ ಸಿಂಕಿಗೆ ಚೆಲ್ಲಬೇಕು. ನೋಡಿದವಳು ‘ನೋಡಿದೆ’ ಅನ್ನಬೇಕು. ಇದಕ್ಕೆ ಸಾಕ್ಷಿ ನಿಲ್ಲುವುದು ಎನ್ನುತ್ತಾರೆ. ಚೆಲ್ಲಬೇಕಾದ ಆ ಅರ್ಧವೇ ಕೆಲವರಿಗೆ ಮೊದಲ ಗುಟುಕು. ನಡು ಮುರಿಯುವಂತೆ ರೋಗಿಗಳನ್ನು ಎತ್ತಿ ಇಳಿಸಿದ ದಿನ, ಎರಡು ಪಾಳಿ ಒಟ್ಟಿಗೆ ನಿಂತ ದಿನ, ಹೇಗಿದ್ದರೂ ಚೆಲ್ಲುವುದೇ ಅಲ್ಲವೇ ಅನ್ನಿಸಿದ ದಿನ.

ಸಿಕ್ಕಿಬಿದ್ದಾಗ ಊರು ಹೇಳುವ ಮಾತು ಒಂದೇ: ಬೇಲಿಯೇ ಎದ್ದು ಹೊಲ ಮೇಯಿತು. ನಾನೂ ಅದನ್ನೇ ಎಸೆದೆ. ಸಾಕ್ಷಿಯಕ್ಕ ಒರೆಸುವ ಬಟ್ಟೆ ಹಿಂಡುತ್ತಾ ಹೇಳಿದರು: “ಬೇಲೀನೂ ಮರದ್ದೇ ಅಲ್ವೇನಪ್ಪಾ? ಗೆದ್ದಲು ಹಿಡಿಯುತ್ತೆ. ಗೆದ್ದಲು ಹಿಡೀತು ಅಂತ ಬೇಲಿ ಕಿತ್ತು ಒಲೆಗೆ ಹಾಕ್ತೀಯೋ, ಗೂಟ ಬದಲಾಯಿಸ್ತೀಯೋ?”

ಚಿಕಿತ್ಸೆ ಮುಗಿಸಿ ಬಂದ ನರ್ಸ್‌ಗಳು ಈ ಕೋಣೆಗೆ ಬರುತ್ತಾರೆ. ಒಂದು ವರ್ಷ ವಾರ್ಡಿನಲ್ಲಿ ಕೆಲಸ ಇರುತ್ತದೆ, ಬೀಗದ ಕೈ ಇರುವುದಿಲ್ಲ. ದಿನಾ ಮಣಿ, ವಾರಕ್ಕೆರಡು ಸಲ ಕೂಟ. ಬುಡ್ಡಿಗಳಲ್ಲಿ ಬರೀ ನೀರು ತುಂಬಿಸಿ ಸಿಂಕಿನ ಮುಂದೆ ಅಭ್ಯಾಸ. ಅಳೆ, ಸೆಳೆ, ಉಳಿದದ್ದು ಚೆಲ್ಲು. ವರ್ಷದ ಕೊನೆಗೆ ಸಾಕ್ಷಿಯಕ್ಕ ‘ಸಾಕು’ ಅಂದರೆ ಮಾತ್ರ ಬೀಗದ ಕೈ. ಅನ್ನದಿದ್ದರೆ ನರ್ಸ್ ಕೆಲಸಕ್ಕೆ ಮಂಗಳ ಹಾಡಿ ದಾಖಲೆ ಕೋಣೆಗೆ ವರ್ಗ. ಅಲ್ಲಿ ರೋಗಿ ಇಲ್ಲ, ಮದ್ದಿಲ್ಲ, ಧೂಳು ಮಾತ್ರ. ಬೇರೆಡೆಗಳಲ್ಲಿ ಮಾಡುವಂತೆ ಚಟ ಬಿಟ್ಟ ದಿನಗಳನ್ನು ಎಣಿಸುವ ಪದ್ಧತಿ ಇಲ್ಲಿಲ್ಲ. “ದಿನ ಎಣಿಸೋದು ಜೈಲಲ್ಲಿ. ಇಲ್ಲಿ ಬಂದವರು ಕೆಲಸ ಕಲಿಯೋಕೆ ಬಂದವರು,” ಎಂಬುದು ಅಕ್ಕನ ಕಾನೂನು.

ಇದೆಲ್ಲ ಶುರುವಾದದ್ದು ಒಂದು ಬೆನ್ನಿನಿಂದ. ಸಾಕ್ಷಿಯಕ್ಕನ ಬೆನ್ನು.

ಆಗ ಅವರಿಗೆ ಮೂವತ್ತರ ಹರೆಯ. ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಅವರದೂ ಒಬ್ಬ ಗೆಳತಿಯದೂ ಜೋಡಿ ಪಾಳಿ. ಒಂದೇ ಡಬ್ಬಿಯ ಊಟ, ಒಬ್ಬಳ ಚಪ್ಪಲಿ ಇನ್ನೊಬ್ಬಳ ಕಾಲಲ್ಲಿ. “ಅವಳು ಸಿಂಕಿನ ಹತ್ರ ನಿಂತು ‘ಏ, ನೋಡಿದ್ಯೇನೇ?’ ಅನ್ನೋಳು. ನಾನು ಈ ಕಡೆ ಬ್ಯಾಂಡೇಜು ಕತ್ತರಿಸ್ತಾ, ಬೆನ್ನು ಹಾಕ್ಕೊಂಡೇ ‘ನೋಡಿದೆ ಕಣೇ’ ಅನ್ನೋಳು. ಅವಳನ್ನ ನೋಡೋದು ಅಂದ್ರೆ ಅನುಮಾನ ಪಟ್ಟ ಹಾಗೆ ಅಂತ ತಿಳ್ಕೊಂಡಿದ್ದೆ. ಗೆಳತಿ ಅಲ್ವಾ. ಹೆಚ್ಚುಕಡಿಮೆ ಎರಡು ವರ್ಷ ಹಾಗೇ ನೋಡಿದೆ.”

ಗಾದೆಯ ಬೆಕ್ಕು ತಾನೇ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ. ಇಲ್ಲಿ ಬೆಕ್ಕಿನ ಪರವಾಗಿ ಅಕ್ಕ ಕಣ್ಣು ಮುಚ್ಚಿದ್ದರು. ಒಂದು ಮಧ್ಯಾಹ್ನ ಬಟ್ಟೆ ಕೋಣೆಯಲ್ಲಿ, ಒಗೆದ ಹೊದಿಕೆಗಳ ರಾಶಿಯ ಮೇಲೆ, ತುಟಿ ನೀಲಿಗಟ್ಟಿ ಬಿದ್ದಿದ್ದ ಗೆಳತಿ ಸಿಕ್ಕಳು. ಜೀವ ಉಳಿಯಿತು, ಕೆಲಸ ಉಳಿಯಲಿಲ್ಲ. “ಅವಳಿಗೆ ಬಾಗಿಲು ತೋರಿಸಿದ್ರು. ಅದೇ ವರ್ಷ ನಂಗೆ ಬಡ್ತಿ ಕೊಟ್ರು. ದೊಡ್ಡ ಡಾಕ್ಟ್ರ ಹತ್ರ ಹೋಗಿ ತಪ್ಪು ನಂದೂ ಇದೆ ಅಂದೆ. ‘ನೀನು ನಂಬಿದ್ದೆ, ಅದು ತಪ್ಪಲ್ಲಮ್ಮ’ ಅಂದ್ರು. ಆ ಮಾತು ಇವತ್ತಿಗೂ ಮೈ ಉರಿಸುತ್ತೆ. ನಂಬೋದು ಬೇರೆ, ಸೋಮಾರಿತನ ಬೇರೆ.”

ವರ್ಷಗಳು ಕಳೆದ ಮೇಲೆ, ವಾರ್ಡಿನ ಮುಖ್ಯ ನರ್ಸ್ ಆಗಿದ್ದಾಗ, ಅವರು ಈ ಉಗ್ರಾಣ ಕೇಳಿ ಪಡೆದರು. ಚಿಕಿತ್ಸೆ ಮುಗಿಸಿ ಬಂದ ಮೊದಲ ನರ್ಸ್ ಅನ್ನು ಯಾವ ವಾರ್ಡೂ ಸೇರಿಸಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಹೆಚ್ಚು. “ಅವಳು ಬಂದ್ರೆ ನಾವೂ ಕಳ್ಳರು ಅಂತ ರೋಗಿ ಕಡೆಯವರು ಅಂತಾರೆ” ಎಂದು ತಳ್ಳಿದರು. “ಹಂಗಾದ್ರೆ ಅವಳಿಗೆ ಸಾಕ್ಷಿ ನಾನು ನಿಲ್ತೀನಿ” ಅಂದರು ಅಕ್ಕ. ತಮ್ಮ ಪಾಳಿ ಮುಗಿದ ಮೇಲೆ ಮಹಡಿಯಿಂದ ಮಹಡಿಗೆ ಹತ್ತಿ ಇಳಿದು ಎರಡು ವರ್ಷ ನಿಂತರು. ಹೆಸರು ಬಿದ್ದದ್ದು ಆಗ, ಮೊಣಕಾಲು ಹೋದದ್ದೂ ಆಗ. ಮನೆಯಲ್ಲಿ ಅವರ ಯಜಮಾನರು ಹೇಳುತ್ತಿದ್ದರಂತೆ: “ನಮ್ಮ ಮದುವೇಗೂ ನೀನು ಇಷ್ಟು ಹೊತ್ತು ನಿಂತಿರಲಿಲ್ಲ ಮಾರಾಯ್ತಿ.”

ಲೆಕ್ಕ ಕೇಳದೆ ಬಂದರೆ ಸಂಪಾದಕರು ಬಿಡುತ್ತಾರೆಯೇ. ಕೇಳಿದೆ. ಈವರೆಗೆ ವರ್ಷ ಮುಗಿಸಿದವರು ನಲವತ್ತೊಂದು ಮಂದಿ. ಅದರಲ್ಲಿ ಇಪ್ಪತ್ತೆಂಟು ಮಂದಿ ರೋಗಿಯ ಮಂಚದ ಪಕ್ಕಕ್ಕೇ ಮರಳಿದ್ದಾರೆ. ಏಳು ಮಂದಿ ಬೇರೆ ಕೆಲಸ ಹಿಡಿದರು. ನಾಲ್ವರು ಮತ್ತೆ ಚಿಕಿತ್ಸೆಗೆ ಹೋಗಿದ್ದಾರೆ. “ಸೂಪರ್ ಹಿಟ್ ಅಕ್ಕಾ! ಶೇಕಡಾ ಎಷ್ಟಾಯ್ತು?” ಅಂದೆ.

“ಮ್ಯಾಚಿನ ಸ್ಕೋರ್ ಕೇಳ್ತಿದೀಯಾ? ಕೂಡಿಸಿ ನೋಡು, ಇಬ್ಬರು ಕಮ್ಮಿ ಬರ್ತಾರೆ. ಅವರು ಈಗಿಲ್ಲ.”

 ‘ಶೇಕಡಾ’ ಎಂದು ಬರೆದುಕೊಂಡಿದ್ದನ್ನು ಅಳಿಸಿಹಾಕುತ್ತೇನೆ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬರುತ್ತಾರೆ ದರ್ಜಿಯಮ್ಮ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಅವರದು. ಕುತ್ತಿಗೆಯಲ್ಲಿ ಅಳತೆಪಟ್ಟಿ, ತುಟಿಯಲ್ಲಿ ಗುಂಡುಸೂಜಿ, ನಾಲಿಗೆಯಲ್ಲಿ ಅದಕ್ಕಿಂತ ಚೂಪಾದದ್ದು. ಬಟ್ಟೆ ರಾಶಿಯ ಮೇಲೆ ಸಿಕ್ಕ ಆ ಗೆಳತಿ ಇವರೇ. ನರ್ಸ್ ಕೆಲಸಕ್ಕೆ ಮರಳಲಾಗಲಿಲ್ಲ. ಆಗ ಇಂಥ ಕೋಣೆ ಇರಲಿಲ್ಲ.

“ನನ್ನ ಕೆಲಸ ಹೋಯ್ತು, ಇವಳ ನಿದ್ದೆ ಹೋಯ್ತು. ಹಳೇ ಲೆಕ್ಕ, ಸಮ ಆಯ್ತು ಬಿಡಪ್ಪ,” ಎಂದು ಸಾಕ್ಷಿಯಕ್ಕನ ಕಡೆ ಗಲ್ಲ ಎತ್ತುತ್ತಾರೆ. “ಆದ್ರೆ ಒಂದು ಬರ್ಕೋ. ಎರಡು ವರ್ಷ ಇವಳ ಬೆನ್ನು ನೋಡಿ ನೋಡಿ ನಂಗೆ ಬಾಯಿಪಾಠ. ಅಳತೆ ಇಲ್ಲದೇ ಬ್ಲೌಸ್ ಹೊಲೀತೀನಿ.”

“ಹೊಲಿದದ್ದು ಒಂದಾದ್ರೂ ಸರಿ ಬಂದಿದ್ಯಾ?” ಎಂದು ಸಾಕ್ಷಿಯಕ್ಕ.

“ನೀನು ಹಿಗ್ತಾ ಹೋದ್ರೆ ಬಟ್ಟೆ ಏನ್ಮಾಡುತ್ತೆ?”

ದರ್ಜಿಯಮ್ಮನಿಗೆ ಇಲ್ಲಿ ಒಂದು ಕೆಲಸವಿದೆ. ನರ್ಸ್‌ಗಳ ಸಮವಸ್ತ್ರದ ಸೊಂಟದ ಬಳಿ ಬೀಗದ ಕೈ ತೂಗುಹಾಕಲು ಬಟ್ಟೆಯ ಪುಟ್ಟ ಕುಣಿಕೆ ಇರುತ್ತದೆ. ಈ ಕೋಣೆಗೆ ಬಂದ ದಿನ ಆ ಕುಣಿಕೆಯನ್ನು ಅವರು ಬಿಚ್ಚುತ್ತಾರೆ. ಬೀಗದ ಕೈ ಸಿಗುವ ದಿನ ಮತ್ತೆ ಹೊಲಿಯುತ್ತಾರೆ, ಇಲ್ಲೇ, ಎಲ್ಲರೆದುರು. “ಮೊದಲೇ ಹೊಲಿದು ತರೋದಿಲ್ಲ. ಒಂದ್ಸಲ ತಂದಿದ್ದೆ. ಅವತ್ತು ಇವಳು ‘ಸಾಕು’ ಅನ್ಲಿಲ್ಲ. ಹೊಲಿದಿದ್ದನ್ನ ಆ ಮಗು ಮುಂದೇನೇ ಬಿಚ್ಚಬೇಕಾಯ್ತು.” ಹಾಗಾಗಿ ಸೂಜಿಗೆ ದಾರ ಪೋಣಿಸಿ, ಕುರ್ಚಿಯಲ್ಲಿ ಕೂತು ಕಾಯುತ್ತಾರೆ.

ಇವತ್ತು ಅವರು ಕಾಯುತ್ತಿರುವುದು ‘ಏಣಿ’ಗಾಗಿ. ಮೇಲಿನ ಕಪಾಟಿನಲ್ಲಿ ಏನಿದ್ದರೂ ಈಕೆಯನ್ನೇ ಕೂಗುವಷ್ಟು ಉದ್ದ, ಅದಕ್ಕೆ ವಾರ್ಡಿನವರು ಇಟ್ಟ ಹೆಸರು. ಮೂರನೆಯ ಮಹಡಿಯ ನರ್ಸ್, ಒಂದು ಮಗುವಿನ ತಾಯಿ, ಗಂಡ ಬಸ್ ಚಾಲಕ. ವರ್ಷ ಮುಗಿದಿದೆ. ಇವತ್ತು ಬೀಗದ ಕೈ, ಇಲ್ಲವೇ ದಾಖಲೆ ಕೋಣೆ. ಆಕೆ ಸಿಂಕಿನ ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದಾಳೆ. ಕಟ್ಟಿದ ಕೈಯ ಬೆರಳುಗಳು ಮಾತ್ರ ಒಂದೇ ಸಮನೆ ಅಂಗಿಯ ತೋಳನ್ನು ಮಡಚಿ ಬಿಡಿಸುತ್ತಿವೆ.

“ಉಳಿದಿದ್ದು ಮಾತ್ರ ತಗೊಂಡೆ ಅಂತ ಎಲ್ರೂ ಹೇಳ್ತಾರೆ. ನಾನೂ ಹೇಳ್ತಿದ್ದೆ,” ಅನ್ನುತ್ತಾಳೆ. ನಾನು ಕೇಳಿದ್ದಕ್ಕಲ್ಲ, ತಾನಾಗಿಯೇ. “ಸುಳ್ಳು. ಕಡೇ ಕಡೇಲಿ ಉಳೀಲಿ ಅಂತಾನೇ ಕಮ್ಮಿ ಕೊಟ್ಟಿದೀನಿ. ಸೊಂಟ ಮುರಿದ ಒಬ್ರು ಅಜ್ಜ ಇದ್ರು. ‘ಮಗಳೇ, ಇವತ್ತು ಮದ್ದು ಹಿಡೀತಿಲ್ವಲ್ಲ’ ಅಂದ್ರು. ನಾನು ಅವರ ಹಣೆ ಒರೆಸಿ ‘ಹಿಡಿಯುತ್ತೆ ಅಜ್ಜ’ ಅಂದೆ. ಇದನ್ನ ಬರೀರಿ. ಅಯ್ಯೋ ಪಾಪ ಅಂತ ಮಾತ್ರ ಬರೀಬೇಡಿ.”

ಬರೆದಿದ್ದೇನೆ.

“ಹಾಗಾದ್ರೆ ಮತ್ತೆ ಯಾಕೆ ಇದೇ ಕೆಲಸ? ದಾಖಲೆ ಕೋಣೇಲಿ ಆರಾಮಾಗಿ ಇರಬಹುದಲ್ವಾ?” ಕೇಳುತ್ತೇನೆ.

ಏಣಿಯ ಬೆರಳುಗಳು ತೋಳು ಮಡಚುವುದನ್ನು ನಿಲ್ಲಿಸುತ್ತವೆ. “ನಂಗೆ ಬರೋದು ಇದೊಂದೇ. ಚೆನ್ನಾಗೇ ಬರುತ್ತೆ. ಸಿಗದ ನರ ಯಾವ್ದಾದ್ರೂ ಇದ್ರೆ ನನ್ನನ್ನೇ ಕರೀತಾರೆ. ಅಷ್ಟು ಕಲ್ತಿದ್ದನ್ನ ಧೂಳಿಗೆ ಕೊಡ್ಲಾ?”

ಸಾಕ್ಷಿಯಕ್ಕ ನನ್ನನ್ನು ಪಕ್ಕಕ್ಕೆ ಕರೆಯುತ್ತಾರೆ. ಏಣಿಯ ಮೇಲೆ ಅವರಿಗೆ ಅನುಮಾನವಿಲ್ಲ, ವಾರ್ಡಿನವರ ಪ್ರೀತಿಯ ಮೇಲೆ ಇದೆ. “ವರ್ಷವೆಲ್ಲ ಇವಳು ಪಟ್ಟ ಕಷ್ಟ ನೋಡಿದಾರೆ. ನಾಳೆ ಇವಳು ಸಿಂಕಿನ ಮುಂದೆ ನಿಂತಾಗ ಯಾರಾದ್ರೂ ಒಬ್ಬಳು, ಬಿಡೇ, ನಿನ್ನನ್ನ ನೋಡೋದೇನಿದೆ ಅಂತಾಳೆ. ಪ್ರೀತಿಯಿಂದಾನೇ ಅಂತಾಳೆ. ಆ ಪ್ರೀತೀನೇ ನಂಗೆ ಭಯ. ಅವತ್ತು ಇವಳು ಏನ್ಮಾಡ್ತಾಳೆ ಅಂತ ನಂಗೆ ಗೊತ್ತಾಗಬೇಕು.” ಆಮೇಲೆ ಜೋರಾಗಿ, “ಇವತ್ತು ಕಡೇ ಅಭ್ಯಾಸ. ಸಾಕ್ಷಿಗೆ ನಮ್ಮ ಪತ್ರಿಕೆ ತಮ್ಮ ನಿಲ್ತಾನೆ.”

ನಾನು! ಹಿನ್ನೆಲೆ ಸಂಗೀತ ತಾನಾಗಿ ಶುರುವಾಯಿತು. ಕಾಲರ್ ಸರಿಮಾಡಿಕೊಂಡು ಸಿಂಕಿನ ಪಕ್ಕ ನಿಂತೆ. ಏಣಿ ನೀರಿನ ಬುಡ್ಡಿ ಒಡೆದಳು, ಅಳೆದಳು, ಸೆಳೆದಳು. ನಾನು ನನ್ನ ಕೆಲಸ ಮಾಡಿದೆ. ಸಾಕ್ಷಿಯಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಒಂದೇ ಮಾತು ಹೇಳಿದರು.

“ಸಾಕು.”

ದರ್ಜಿಯಮ್ಮ ಏಣಿಯ ಸೊಂಟದ ಪಕ್ಕ ಮಂಡಿಯೂರಿದರು. ಕುಣಿಕೆಯ ಎರಡು ತುದಿ, ಎರಡೆರಡು ಸುತ್ತು ದಾರ. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದು, ಬೆರಳು ತೂರಿಸಿ ಜಗ್ಗಿ ನೋಡಿದರು. “ಆನೆ ಕಟ್ಟಿದ್ರೂ ಕಿತ್ತು ಬರಲ್ಲ. ಹೋಗು.” ಅವರಿಗೆ ಏಳಲು ಸಾಕ್ಷಿಯಕ್ಕ ಕೈ ಕೊಟ್ಟರು. ಮೊಣಕಾಲಿಲ್ಲದವರು ಮಂಡಿಯೂರಿದವರನ್ನು ಎಬ್ಬಿಸುವ ಆ ದೃಶ್ಯದಲ್ಲಿ ಇಬ್ಬರೂ ಬೀಳುವುದರಲ್ಲಿದ್ದರು. ಮೀಸೆಯ ‘ಹುಡುಗಿ’ ಓಡಿ ಬಂದು ಹಿಡಿದುಕೊಂಡ.

ಮೂರನೆಯ ಮಹಡಿ. ನಾವು ಕಾರಿಡಾರಿನಲ್ಲಿ, ಗಾಜಿನ ಈಚೆಗೆ, ಪಕ್ಕದ ಬಾಗಿಲು ಅರೆ ತೆರೆದಿದೆ. ಮೇಟ್ರನ್ ತಮ್ಮ ಸೊಂಟದಿಂದ ಬೀಗದ ಕೈ ಬಿಡಿಸಿ ಏಣಿಗೆ ಕೊಡುತ್ತಾರೆ. ಭಾಷಣ ಇಲ್ಲ, ಚಪ್ಪಾಳೆ ಇಲ್ಲ. “ಹತ್ತನೇ ಮಂಚಕ್ಕೆ ಡ್ರೆಸ್ಸಿಂಗ್ ಇದೆ, ಮುಂಚೆ ಇಂಜೆಕ್ಷನ್ ಬೇಕು,” ಅಷ್ಟೇ. ಏಣಿ ಬೀರು ತೆರೆಯುತ್ತಾಳೆ.  ಸುಟ್ಟ ಕಾಲಿನ ಹೆಂಗಸಿಗೆ ಕೊಡಬೇಕಾದಷ್ಟು ಕೊಟ್ಟು, ಉಳಿದದ್ದನ್ನು ಹಿಡಿದು ಸಿಂಕಿನ ಬಳಿ ನಿಲ್ಲುತ್ತಾಳೆ. ಇನ್ನೊಬ್ಬ ನರ್ಸ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಬಂದು, ಸೂಜಿಯ ತುದಿಯನ್ನೇ ನೋಡುತ್ತಾ ನಿಲ್ಲುತ್ತಾಳೆ. ಹನಿಗಳು ಬಿದ್ದು ಮುಗಿಯುತ್ತವೆ. ತುಟಿ ಅಲುಗುವುದು ಗಾಜಿನಾಚೆಯಿಂದಲೂ ಕಾಣುತ್ತದೆ: ನೋಡಿದೆ. ಡ್ರೆಸ್ಸಿಂಗ್ ಶುರುವಾದಾಗ ಹತ್ತನೇ ಮಂಚದ ಹೆಂಗಸು ಕಿರುಚುವುದಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಯಾರಿಗೋ ಮನೆಯ ನಲ್ಲಿಯ ವಿಷಯ ಹೇಳುತ್ತಿದ್ದಾಳೆ.

ಸಾಕ್ಷಿಯಕ್ಕ ಗಾಜಿಗೆ ಹಣೆ ಆನಿಸಿ ನಿಂತಿದ್ದಾರೆ. ಅವರು ಉಸಿರು ಬಿಟ್ಟಾಗ ಗಾಜಿನ ಮೇಲೆ ಒಂದು ಮಬ್ಬು ವೃತ್ತ ಮೂಡುತ್ತದೆ. ಅದನ್ನೂ ಒರೆಸುತ್ತಾರೆ, ಸಿಂಕು ಒರೆಸಿದ ಹಾಗೆಯೇ.

ಇಂಥ ಲೇಖನಗಳಲ್ಲಿ ಕೊನೆಗೆ ಒಂದು ಪ್ರಶ್ನೆ ಇರಲೇಬೇಕು. ನಿಮ್ಮ ಆಸೆ ಏನಕ್ಕಾ? ಪ್ರಶಸ್ತಿ, ಸನ್ಮಾನ, ದೊಡ್ಡ ಕೋಣೆ, ಕಡೇಪಕ್ಷ ಒಂದು ಕಿಟಕಿ?

“ಮೊಣಕಾಲು ಬದಲಾಯಿಸ್ಕೋಬೇಕು. ಡಾಕ್ಟ್ರು ಬಯ್ತಾನೇ ಇದಾರೆ. ಈ ವರ್ಷ ಮಾಡಿಸ್ಕೋತೀನಿ, ಇದೇ ಮಹಡೀಲಿ. ಆಪರೇಷನ್ ಆದ್ಮೇಲೆ ನೋವು ಅಂತೂ ಪ್ರಾಣ ತೆಗೆಯುತ್ತಂತೆ. ನನ್ನ ಇಂಜೆಕ್ಷನ್ ಮಾತ್ರ ನಮ್ಮ ಹುಡುಗೀರೇ ಕೊಡ್ಬೇಕು. ಬೇರೆ ಯಾರಾದ್ರೂ ಸೂಜಿ ತಂದ್ರೆ ನಾನು ಕಾಲೇ ಚಾಚಲ್ಲ.” ಆಮೇಲೆ ನಕ್ಕು, “ಉಳಿದಿದ್ದು ಚೆಲ್ಲೋದನ್ನ ಮಲಗಿದಲ್ಲಿಂದಾನೇ ನೋಡ್ತೀನಿ. ಅಭ್ಯಾಸ ಬಿಡಲ್ಲ.”

ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಒಳ್ಳೆಯ ಕ್ಲೈಮ್ಯಾಕ್ಸ್, ಜನ ಎದ್ದು ನಿಂತು ಕಣ್ಣೊರೆಸಿಕೊಳ್ಳುವಂಥದ್ದು. ಆದರೆ ನಿಮ್ಮಲ್ಲಿ ಯಾರೋ ಒಬ್ಬರು ಹಿಂದಿನ ಸಾಲಿನಿಂದ ಕೂಗುತ್ತಿದ್ದೀರಿ: ಏ ತಮ್ಮಾ, ‘ನನ್ನ ಕೆಲಸ ಮಾಡಿದೆ’ ಅಂದೆಯಲ್ಲ, ಸಿಂಕಿನ ಮುಂದೆ ನೀನು ಮಾಡಿದ್ದಾದರೂ ಏನು?

ಸರಿ. ನಿಜವಾಗಿ ನಡೆದದ್ದು ಇದು.

ಏಣಿ ಬುಡ್ಡಿ ಒಡೆಯುವಾಗ ನನಗೆ ಈ ಲೇಖನಕ್ಕೆ ಒಂದು ಅದ್ಭುತ ಆರಂಭ ಹೊಳೆಯಿತು. ಮರೆತುಹೋಗುವ ಮೊದಲು ಫೋನಿನಲ್ಲಿ ಬರೆದುಕೊಳ್ಳತೊಡಗಿದೆ. ನಲ್ಲಿಯ ನೀರಿನ ಸದ್ದು ಕೇಳಿಸಿತು, ಏಣಿಯ ಕೈ ಸಿಂಕಿನ ಕಡೆ ಹೋದದ್ದು ಕಣ್ಣಂಚಿಗೆ ಬಿತ್ತು. ಇನ್ನೇನು ಬೇಕು? ತಲೆ ಎತ್ತದೆ, ಗಂಭೀರ ಧ್ವನಿಯಲ್ಲಿ, ನ್ಯಾಯಾಲಯದ ದೃಶ್ಯದ ಹೀರೋ ಹಾಗೆ ಹೇಳಿದೆ: “ನೋಡಿದೆ.”

“ಇಲ್ಲ,” ಅಂದಳು ಏಣಿ.

ತಲೆ ಎತ್ತಿದೆ. ಸಿರಿಂಜು ನನ್ನ ಮೂಗಿನ ಮುಂದಿತ್ತು. ತುಂಬಿಕೊಂಡೇ ಇತ್ತು.

“ನೀವು ನೋಡ್ಲಿಲ್ಲ. ಫೋನ್ ಒಳಗಿಡಿ. ಇಲ್ನೋಡಿ. ನೀವು ನೋಡೋ ತನಕ ನಾನು ಚೆಲ್ಲಲ್ಲ.” ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿರಿಂಜನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿದ್ದಳು. ನೀರು ಅದು, ಬರೀ ನೀರು. ಆದರೆ ಚಟದ ದಿನಗಳಲ್ಲಿ ಇಂಥದೇ ಒಂದು ‘ನೋಡಿದೆ’ಗಾಗಿ ಆಕೆ ಕಾದು ನಿಂತಿರುತ್ತಿದ್ದಳಲ್ಲ. ಅದು ಈಗ ಕೇಳದೆಯೇ ಸಿಕ್ಕಿತ್ತು, ಆಕೆ ಬೇಡ ಎಂದಳು. ನಾನು ಫೋನ್ ಜೇಬಿಗಿಟ್ಟು ನೋಡಿದೆ. ಕೊನೆಯ ಹನಿ ಬೀಳುವವರೆಗೆ ರೆಪ್ಪೆ ಹೊಡೆಯಲಿಲ್ಲ. ಆಮೇಲಷ್ಟೇ ಸಾಕ್ಷಿಯಕ್ಕ ‘ಸಾಕು’ ಅಂದದ್ದು.

“ಒಂದು ತಿಂಗಳಿಂದ ನಿನ್ನಂಥೋನನ್ನ ಹುಡುಕ್ತಿದ್ದೆ ಕಣಪ್ಪ,” ಅಂದರು ಆಮೇಲೆ, ನೆಲಮಾಳಿಗೆಗೆ ಮರಳಿ, ಕೋಣೆಯ ಬಾಗಿಲವರೆಗೆ ನನ್ನನ್ನು ಕಳಿಸಲು ಬಂದಾಗ. “ಇಲ್ಲಿರೋರೆಲ್ಲ ಈಗ ಹದ್ದಿನ ಕಣ್ಣಿನೋರು. ನೋಡ್ದೇ ನೋಡಿದೆ ಅನ್ನೋನು ಒಬ್ಬ ಬೇಕಿತ್ತು. ಅಷ್ಟ್ರಲ್ಲಿ ನೀನೇ ಬಂದು ಬಾಗಿಲಿಗೆ ಒರಗಿದೆ.”

“ಮೊದಲ ದಿನಾನೇ ಹೇಗೆ ಗೊತ್ತಾಯ್ತಕ್ಕಾ?”

ಅವರು ಬಾಗಿಲ ಕಡೆ ಕೈ ತೋರಿಸಿದರು. ಹಸಿರು ಬಣ್ಣದ, ಬಣ್ಣ ಏಳುತ್ತಿರುವ, ಬರಿಯ ಬಾಗಿಲು. ಅದರ ಮೇಲೆ ಬೋರ್ಡ್ ಇಲ್ಲ. ಯಾವತ್ತೂ ಇರಲಿಲ್ಲ.

ಊರಿಗೆಲ್ಲ ಟೋಪಿ ಹಾಕುವವನೆಂದು ಮೆರೆಯುತ್ತಿದ್ದ ನಾನು ಮೆಟ್ಟಿಲು ಹತ್ತತೊಡಗಿದೆ. ಹಿಂದಿನಿಂದ ಕೂಗು ಕೇಳಿಸಿತು: “ಏ ತಮ್ಮಾ! ನಮ್ಮ ಬಗ್ಗೆ ಬರೆದಿದ್ದನ್ನ ಅಚ್ಚಿಗೆ ಕೊಡೋ ಮುಂಚೆ ಒಂದ್ಸಲ ಓದ್ತೀಯೋ, ಇಲ್ಲಾ ಓದಿದೆ ಅಂತೀಯೋ?”

ಓದಿದೆ ಅಕ್ಕಾ. ಎರಡು ಸಲ. ಎರಡನೆಯ ಸಲ ದರ್ಜಿಯಮ್ಮನ ಅಂಗಡಿಯಲ್ಲಿ, ಅವರ ಎದುರು ಕೂತು, ಗಟ್ಟಿಯಾಗಿ. ಬೇಕಿದ್ದರೆ ಕೇಳಿ ನೋಡಿ, ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡಿದ್ದಾರೆ.